ಬಡ್ಡಿಯಿಲ್ಲದ ಸಾಲ

ಮಾಸ್ತಿ
12 ಜೂನ್ 1978

ಚಿರಂಜೀವಿ ಕೋದಂಡರಾಮಪ್ಪನಿಗೆ ಅಕ್ಕ ಶ್ಯಾಮಲಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಹೆಲ್ತ್ ಇನ್‌ಸ್ಪೆಕ್ಟರ್ ಕೋರ್ಸಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿತೆಂದು ಓದಿ ಕೊಟ್ಟಿಗೆಯಲ್ಲೇ ಕುಣಿದುಬಿಟ್ಟೆ. ಹಾಲಿನ ಚೊಂಬು ಕಾಲಿಗೆ ಸಿಕ್ಕಿ ಉರುಳಿತು. ಅತ್ತೆ "ಏನೇ ನಿಂಗೆ, ಮೈಮೇಲೆ ದೇವ್ರು ಬಂತಾ?" ಅಂತ ಬೈದರು. ಬೈಯಲಿ ಬಿಡು. ಹೋಳೂರಿನಲ್ಲಿ ಅಪ್ಪ, ಅಮ್ಮ ಒಂದೇ ವರ್ಷದಲ್ಲಿ ಹೋದಾಗ ನಿನಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಕುಣಿಯುವ ಹಕ್ಕು ನನಗಿದೆ.

ಈಗ ಲೆಕ್ಕಕ್ಕೆ ಬರೋಣ. ಫೀಜು, ಮೆಸ್ಸು, ಪುಸ್ತಕ, ಯೂನಿಫಾರಂ ಸೇರಿ ಎರಡು ಸಾವಿರದ ನಾನ್ನೂರು ಅಂತ ಬರೆದಿದ್ದೀಯ. ನಿಮ್ಮ ಭಾವ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಿನಗೋಸ್ಕರ ಮಾತಾಡಿದ್ದಾರೆ. ಗುಮಾಸ್ತೆ ಕೆಲಸ, ತಿಂಗಳಿಗೆ ನೂರ ನಲವತ್ತು, ನಾಳೆಯಿಂದಲೇ ಬಾ ಅಂದರಂತೆ. ಕೋರ್ಸು ಮುಗಿಸಿದರೆ ಸರ್ಕಾರದ ಸಂಬಳ, ಕೈಗೆ ಮುನ್ನೂರ ತೊಂಬತ್ತು. ತಿಂಗಳಿಗೆ ನೂರೈವತ್ತು ಕಟ್ಟಿದರೂ ಒಂದೂವರೆ ವರ್ಷದೊಳಗೆ ಸಾಲ ಚುಕ್ತಾ, ಆಮೇಲೆ ರಿಟೈರಾಗುವವರೆಗೂ ನೀನೇ ರಾಜ. ಏಳನೇ ಕ್ಲಾಸು ಓದಿದ ನನಗೇ ಇಷ್ಟು ತಿಳಿಯುತ್ತದೆ. ಭಾವ ಮಾತ್ರ "ಬಡ್ಡಿ ಸೇರಿಸಿ ನೋಡೇ" ಅಂತಾರೆ. ಮೂರು ರೂಪಾಯಿ ಬಡ್ಡಿ ಸೇರಿಸಿದರೆ ನನ್ನ ಕುಣಿತ ನಿಂತುಹೋಗುತ್ತದೆ, ಅದೂ ನಿಜ. ಸಾಲ ಮಾಡು, ಬೇಡ ಅನ್ನಲ್ಲ. ಯಾರ ಹತ್ತಿರ ಅನ್ನೋದನ್ನ ಮಾತ್ರ ನನಗೆ ಹೇಳಿ ಮಾಡು.

ನಿನ್ನ ಅಕ್ಕ
ಶ್ಯಾಮಲಮ್ಮ


ಕೋಲಾರ
27 ಜೂನ್ 1978

ಅಕ್ಕನಿಗೆ ನಮಸ್ಕಾರ.

ಸಾಲ ಸಿಕ್ಕಿತು. ಬಡ್ಡಿ ಎಷ್ಟು ಗೊತ್ತಾ? ಬಡ್ಡಿಯೇ ಇಲ್ಲ. ಪತ್ರವೂ ಇಲ್ಲ, ಜಾಮೀನೂ ಇಲ್ಲ. ಭಾವನಿಗೆ ಹೇಳು, ಅವರ ಬಾಯಿ ಮುಚ್ಚಿಸೋಕೆ ಇದೊಂದು ಸಾಕು.

ಮುಳಬಾಗಿಲಿನ ಹತ್ತಿರ ದೇವರಾಯಸಮುದ್ರದಲ್ಲಿ ವೆಂಕಟರತ್ನಮ್ಮ ಅಂತ ಒಬ್ಬ ಮುದುಕಿ. ಹಿಪ್ಪುನೇರಳೆ ತೋಟ ಇದೆ, ಮನೆಯಲ್ಲಿ ಒಬ್ಬಳೇ. ಈ ಕೋರ್ಸಿಗೇ ಸೇರುವ ಹುಡುಗನಿದ್ದರೆ ದುಡ್ಡು ಕೊಡ್ತಾಳೆ ಅಂತ ನನ್ನ ರೂಮಿನ ಸ್ನೇಹಿತ ಹೇಳಿದ, ಹೋದೆ. ಆಯಮ್ಮ ನನ್ನ ಹೆಸರೂ ಕೇಳಲಿಲ್ಲ. ಹಿಂದಕ್ಕೆ ತಿರುಗಿಸಿ ನಿಲ್ಲಿಸಿ, ಈ ಭುಜದಿಂದ ಆ ಭುಜಕ್ಕೆ ಗೇಣು ಹಾಕಿ ಅಳೆದಳು. "ಸರಿಪೋಯಿಂದಿ, ಸರಿಹೋಗುತ್ತೆ" ಅಂತ ತನ್ನಷ್ಟಕ್ಕೆ ಹೇಳಿಕೊಂಡು ಒಳಗಿಂದ ದುಡ್ಡು ತಂದು ಕೊಟ್ಟಳು. ನನಗೆ ನಗು ಬಂತು.

ಎರಡು ಮಾತು ಮಾತ್ರ ಕೇಳಿದಳು. ಕೆಲಸ ಸಿಕ್ಕಾಗ ಅವರ ಊರಿಗೇ ಹಾಕಿಸಿಕೊಳ್ಳಬೇಕು. ಸಾಲ ತೀರುವವರೆಗೂ ಶನಿವಾರ ಮಧ್ಯಾಹ್ನದ ಊಟ ಅವರ ಮನೆಯಲ್ಲಿ ಮಾಡಬೇಕು. ಬಡ್ಡಿ ಕೊಡುವ ಬದಲು ಬಡ್ಡಿ ತಿನ್ನುವ ಸಾಲ, ಎಲ್ಲಿ ಸಿಗುತ್ತೆ ಹೇಳು!

ನಿನ್ನ ತಮ್ಮ
ಕೋದಂಡ


ಮಾಸ್ತಿ
5 ಜುಲೈ 1978

ಕೋದಂಡನಿಗೆ ಆಶೀರ್ವಾದ.

ಗೇಣು ಹಾಕಿ ಅಳೆಯೋಕೆ ನೀನೇನು ಸಂತೆಗೆ ಬಂದ ಹೋರಿಯೇನೋ? ಹಲ್ಲು ಎಣಿಸಲಿಲ್ಲವಾ? ಓದಿ ನಾನೂ ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ಬಡ್ಡಿ ಬೇಡ ಅನ್ನುವವರು ಬೇರೆ ಏನೋ ಕೇಳುತ್ತಾರೆ ಕಣೋ. ಬಡ್ಡಿಯಾದರೆ ಇಷ್ಟು ಅಂತ ಗೊತ್ತಿರುತ್ತದೆ.

ತೆಗೆದುಕೊಂಡದ್ದಾಯಿತು, ಇನ್ನು ಚೆನ್ನಾಗಿ ಓದು. ಬೆಂಗಳೂರಿನಲ್ಲಿ ಹೊಟ್ಟೆ ಕಟ್ಟಬೇಡ. ಹುರಿಟ್ಟು, ಉಪ್ಪಿನಕಾಯಿ ಕಳಿಸಿದ್ದೇನೆ. ತೀರಿಸುವಾಗ ಇಬ್ಬರ ಮುಂದೆ ತೀರಿಸು.

ನಿನ್ನ ಅಕ್ಕ


ದೇವರಾಯಸಮುದ್ರ
14 ಆಗಸ್ಟ್ 1979

ಅಕ್ಕನಿಗೆ ನಮಸ್ಕಾರ.

ಡ್ಯೂಟಿಗೆ ಸೇರಿ ಎರಡು ವಾರವಾಯಿತು. ಈ ಊರನ್ನೇ ಕೇಳಿದೆ, ಕೊಟ್ಟರು. ಬೇರೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲವಂತೆ. ಬೆಳಗ್ಗೆ ಸೈಕಲ್ ಹತ್ತಿದರೆ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಮಕ್ಕಳಿಗೆ ಚುಚ್ಚುಮದ್ದು. ಕೆಲಸ ಹಿಡಿಸಿದೆ. ಮುಂದಿನ ತಿಂಗಳಿಂದ ನೂರೈವತ್ತು ಕಟ್ಟುತ್ತೇನೆ.

ಒಂದು ತಮಾಷೆ ಕೇಳು. ಮೊದಲ ದಿನ ಮುನಿಗಂಗಮ್ಮ ಅನ್ನುವ ಅಜ್ಜಿ ಬಾಗಿಲಲ್ಲೇ "ಬಂದ್ಯಾ ಸೊಣ್ಣಪ್ಪ? ಎಷ್ಟು ದಿನ ಆಗೋಯ್ತಪ್ಪ!" ಅಂದಳು. ಕಣ್ಣು ಮಂಜು ಅಂದುಕೊಂಡೆ. ಆಮೇಲೆ ಕಣ್ಣು ಚೆನ್ನಾಗಿರುವವರೂ ಹಾಗೇ ಕರೆದರು. ಆಸ್ಪತ್ರೆಯ ಜವಾನ ದೊಡ್ಡವೆಂಕಟಪ್ಪನನ್ನು ಕೇಳಿದ್ದಕ್ಕೆ ವಿಷಯ ತಿಳಿಯಿತು. ಸೊಣ್ಣಪ್ಪ ವೆಂಕಟರತ್ನಮ್ಮನ ಒಬ್ಬನೇ ಮಗ, ಇದೇ ಕೋರ್ಸು ಓದಿ ಇದೇ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದನಂತೆ. ಆರು ವರ್ಷದ ಹಿಂದೆ ಒಂದು ದಿನ ಕೆರೆ ಏರಿಯ ಮೇಲೆ ಅವನ ಸೈಕಲ್ ಸಿಕ್ಕಿತು, ಬ್ಯಾಗು ಸಿಕ್ಕಿತು, ಅವನು ಸಿಗಲಿಲ್ಲ. ಬಲೆ ಹಾಕಿ ಹುಡುಕಿದರೂ ಹೆಣ ಬರಲಿಲ್ಲ. ಆಯಮ್ಮ ಅವನ ದಿನ ಮಾಡಿಲ್ಲ, ಹಿರಿಯರ ಹಬ್ಬಕ್ಕೆ ಎಡೆಯನ್ನೂ ಇಟ್ಟಿಲ್ಲ. "ಆ ಮನೆಯೋರು ಒಂದು ಎಡೆ ಬಾಕಿ ಮಡಿಕ್ಕೊಂಡವ್ರೆ ಸಾರ್, ಅದು ಯಾರ್ ಹೆಸ್ರಿಗಾದ್ರೂ ಬೀಳ್ಲೇಬೇಕು, ಅದುಕ್ಕೇ ಈ ಊರ್ಗೆ ಯಾರೂ ಬರಲ್ಲ" ಅಂದ ದೊಡ್ಡವೆಂಕಟಪ್ಪ. ಆಯಮ್ಮನನ್ನೇ ಕೇಳಿದರೆ "ಕ್ಯಾಂಪ್‌ಗೆ ಹೋಗವ್ನೆ" ಅಂತಾಳೆ.

ಶನಿವಾರ ಊಟಕ್ಕೆ ಹೋದೆ. ಬಸ್ಸಾರು, ಮುದ್ದೆ, ನೀನು ಮಾಡಿದಷ್ಟೇ ರುಚಿ, ಕೋಪ ಮಾಡಿಕೊಳ್ಳಬೇಡ. ನನಗೆ ಅಂತ ಒಂದು ಬಿಳಿ ಶರಟು ಇಟ್ಟಿದ್ದಳು. ಮೈಗೆ ಅಚ್ಚು ಹಾಕಿದ ಹಾಗೆ ಕೂತಿತು. ಹೊಸದು ಅಂದುಕೊಂಡು ಹಾಕಿಕೊಂಡೆ, ಮನೆಗೆ ಬಂದು ನೋಡಿದರೆ ಕಾಲರಿನ ಒಳಗೆ ಅಗಸರ ಗುರುತು ಇತ್ತು. ಪಾಪ, ಮುದುಕಿಗೆ ಮಗನ ಹುಚ್ಚು. ಹೆದರಿಕೊಳ್ಳಬೇಡ.

ನಿನ್ನ ಕೋದಂಡ


ಮಾಸ್ತಿ
26 ಸೆಪ್ಟೆಂಬರ್ 1979

ಕೋದಂಡ,

ಮೊದಲು ಆ ಶರಟು ತೆಗಿ. ತೆಗೆದು ಹರಿಯುವ ನೀರಿಗೆ ಬಿಡು. ಸತ್ತವರ ಬಟ್ಟೆಯನ್ನು ಮನೆಯವರು ಮಾತ್ರ ಹಾಕಿಕೊಳ್ಳುತ್ತಾರೆ, ಅದೂ ಎಡೆಗೆ ಇಟ್ಟ ಮೇಲೆ. ನೀನು ಆ ಮನೆಯವನಾ? ಓದಿದವನಿಗೆ ಇಷ್ಟೂ ತಿಳಿಯಲ್ಲವಾ?

ಅಮಾವಾಸ್ಯೆಗೆ ನೀನು ಬರುತ್ತೀಯ ಅಂತ ಬೆಳಗ್ಗೆಯಿಂದ ಬಸ್ಸು ನೋಡಿದೆ. ಕ್ಯಾಂಪ್ ಇದೆ ಅಂತ ಕಾರ್ಡು ಹಾಕಿದ್ದೀಯ. ಅಪ್ಪ, ಅಮ್ಮನ ಎಡೆಗೆ ಗಂಡುಮಗನಾದ ನೀನು ಧೂಪ ಹಾಕಬೇಕಿತ್ತು, ನಿಮ್ಮ ಭಾವ ಹಾಕಿದರು. ನನಗೆ ತುಂಬಾ ಸಂಕಟವಾಯಿತು ಕಣೋ. ಸಾಲ ಬೇಗ ತೀರಿಸಿ ಅಲ್ಲಿಂದ ವರ್ಗ ಮಾಡಿಸಿಕೊ. ಶ್ರೀನಿವಾಸಪುರವಾದರೂ ಸರಿ, ಎಲ್ಲಾದರೂ ಸರಿ.

ಅಕ್ಕ


ಮಾಸ್ತಿ
18 ಫೆಬ್ರವರಿ 1980

ಚಿರಂಜೀವಿ ಕೋದಂಡನಿಗೆ ಆಶೀರ್ವಾದಗಳು.

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಇರಲಿ, ಇವತ್ತು ನನಗೆ ಬೈಯುವ ಮನಸ್ಸಿಲ್ಲ. ನಿನ್ನ ವೆಂಕಟರತ್ನಮ್ಮ ನಮ್ಮ ಮನೆಗೆ ಬಂದಿದ್ದಳು! ಮೂರು ಬಸ್ಸು ಬದಲಾಯಿಸಿಕೊಂಡು, ಆ ವಯಸ್ಸಿನಲ್ಲಿ. ನಾನು ಏನೇನೋ ಅಂದುಕೊಂಡಿದ್ದೆ, ಛೆ, ಎಂಥ ಬಂಗಾರದ ಮನುಷ್ಯೆ! ನನ್ನ ಕೈ ಹಿಡಿದು ನಿನ್ನ ಚಿಕ್ಕಂದಿನ ಮಾತೆಲ್ಲ ಕೇಳಿದಳು. ನೀನು ಹುಟ್ಟಿದ ದಿನ, ನಿನಗೆ ಬಂದ ಕಾಯಿಲೆಗಳು, ಬಾವಿಗೆ ಬಿದ್ದು ಬದುಕಿದ್ದು, ಎಲ್ಲ ಹೇಳಿದೆ. ನಿನ್ನ ಫೋಟೋ ಕೇಳಿದಳು, ಕೊಟ್ಟೆ.

ಇನ್ನೂ ಒಂದು ವಿಷಯ ಇದೆ, ಈಗ ಹೇಳಲ್ಲ. ನೀನು ಸಾಲ ತೀರಿಸಿದ ದಿನ ಹೇಳುತ್ತೇನೆ. ಒಳ್ಳೆಯದೇ. ಅಕ್ಕ ನಿನ್ನ ದಾರಿ ನೇರ ಮಾಡಿದ್ದಾಳೆ ಅಂತ ತಿಳಿದುಕೊ.

ನಿನ್ನ ಅಕ್ಕ


ದೇವರಾಯಸಮುದ್ರ
20 ಮೇ 1980

ಅಕ್ಕನಿಗೆ ನಮಸ್ಕಾರ.

ಬರೆಯಬೇಕು ಅಂತ ಕೂರುತ್ತೇನೆ, ಏನು ಬರೆಯಬೇಕಿತ್ತು ಅನ್ನೋದು ಮರೆತುಹೋಗುತ್ತದೆ. ಬಿಸಿಲು ಜಾಸ್ತಿ, ಅದಕ್ಕೇ ಇರಬೇಕು.

ಎಂಟು ಕಂತು ಕಟ್ಟಿದ್ದೆ, ಅರ್ಧ ಸಾಲ ತೀರಿತ್ತು. ಈ ತಿಂಗಳು ಕೊಡಲು ಹೋದರೆ ಆಯಮ್ಮ ಕೈ ಚಾಚಲಿಲ್ಲ. "ತಾಯಿಗೆ ಯಾರಾದ್ರೂ ಸಾಲ ತೀರುಸ್ತಾರಾ ನಾಯನಾ?" ಅಂದಳು. ಜಗಲಿಯ ಮೇಲೆ ಇಟ್ಟು ಬಂದೆ. ಸಂಜೆ ನೋಡಿದರೆ ದುಡ್ಡು ನನ್ನ ರೂಮಿನಲ್ಲಿ ದಿಂಬಿನ ಕೆಳಗಿತ್ತು. ಬಾಗಿಲಿನ ಬೀಗ ನಾನು ಹಾಕಿದ ಹಾಗೇ ಇತ್ತು.

ಇನ್ನೊಂದು ಹೇಳಲಾ, ಬೈಯಬೇಡ. ಸೊಣ್ಣಪ್ಪ ಅಂದವರನ್ನು ತಿದ್ದುವುದು ಬಿಟ್ಟುಬಿಟ್ಟೆ, ಸಾಕಾಗಿತ್ತು. ಮೊನ್ನೆ ಮುಳಬಾಗಿಲಿನಲ್ಲಿ ನನ್ನ ಜೊತೆ ಓದಿದವನೊಬ್ಬ ಹಿಂದಿನಿಂದ "ಕೋದಂಡ, ಲೇ ಕೋದಂಡ" ಅಂತ ಕೂಗಿಕೊಂಡು ಬಂದ. ನನಗೆ ಕೇಳಿಸಿತು. ಯಾರನ್ನೋ ಕರೆಯುತ್ತಿದ್ದಾನೆ ಅಂತ ಮುಂದಕ್ಕೆ ಹೋಗುತ್ತಿದ್ದೆ. ಅವನು ಹೆಗಲು ಹಿಡಿದು ನಿಲ್ಲಿಸಿದಾಗ ಭಯವಾಯಿತು.

ರೂಮು ಬಿಟ್ಟು ಆಯಮ್ಮನ ಮನೆಗೇ ಬಂದಿದ್ದೇನೆ. ಬಾಡಿಗೆ ಉಳಿಯುತ್ತದೆ. ಈ ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಹೆಣ್ಣುಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ, ಅಣ್ಣತಮ್ಮಂದಿರ ಕಡೆಯೂ ಯಾರೂ ಉಳಿದಿಲ್ಲ. ಅಕ್ಕ, ನಾನು ಬಾವಿಗೆ ಬಿದ್ದದ್ದು ನಿಜವಾ? ನೆನಪಾಗಲ್ಲ. ಆಯಮ್ಮ ಹೇಳುತ್ತಾಳೆ, ನೀನು ಬಿದ್ದದ್ದು ಬಾವಿಗಲ್ಲ, ಕೆರೆಗೆ ಅಂತ.

ಕೋ


ಮಾಸ್ತಿ
2 ಜೂನ್ 1980

ಕೋದಂಡ, ನನ್ನ ಕಂದ,

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ಸಹಿ ಅರ್ಧಕ್ಕೇ ಬಿಟ್ಟಿದ್ದೀಯ. ನೀನು ಬಿದ್ದದ್ದು ಹೋಳೂರಿನ ನಮ್ಮ ಬಾವಿಗೆ. ಎತ್ತಿದವಳು ನಾನು. ಹಗ್ಗ ಉಜ್ಜಿ ನನ್ನ ಅಂಗೈ ಚರ್ಮ ಕಿತ್ತು ಬಂದಿತ್ತು, ಗುರುತು ಇನ್ನೂ ಇದೆ. ಬಂದು ನೋಡು.

ನಾನು ಮುಚ್ಚಿಟ್ಟದ್ದನ್ನು ಈಗ ಹೇಳಲೇಬೇಕು. ಆಯಮ್ಮ ಬಂದ ದಿನ ಎಲೆ, ಅಡಿಕೆ ತರಿಸಿದಳು. "ನನ್ನ ಮನೆಗೆ ದೀಪ ಹಚ್ಚೋರಿಲ್ಲ ತಾಯಿ. ನಿನ್ನ ತಮ್ಮನ್ನ ನಮ್ಮನೆಗೆ ಕೊಟ್ಟೆ ಅಂತ ಒಂದು ಮಾತು ಹೇಳು" ಅಂದಳು. ಮನೆಯಲ್ಲಿ ಮೊಮ್ಮಗಳೋ ತಮ್ಮನ ಮಗಳೋ ಇರಬೇಕು, ಹೆಣ್ಣು ಕೊಡಲು ಕೇಳುತ್ತಿದ್ದಾಳೆ ಅಂದುಕೊಂಡೆ. ಮದುವೆಯ ಒಪ್ಪು ವೀಳ್ಯ ಅಂದುಕೊಂಡೆ ಕಣೋ. ತೋಟ ಇದೆ, ಮನೆ ಇದೆ, ಸಾಲವೂ ಮನ್ನಾ ಆಗುತ್ತೆ ಅಂತ ಮನಸ್ಸಿನಲ್ಲೇ ಮದುವೆ ಚಪ್ಪರ ಹಾಕಿದೆ. "ಕೊಟ್ಟೆ ಕಣಮ್ಮ" ಅಂತ ವೀಳ್ಯ ಅವಳ ಸೆರಗಿಗೆ ಹಾಕಿದೆ. ಅವಳು ಸೆರಗು ಗಂಟು ಹಾಕಿಕೊಂಡು, ನೀರೂ ಕುಡಿಯದೆ ಹೊರಟಳು.

ನಿನ್ನೆ ಅತ್ತೆಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಹೆಣ್ಣು ನೋಡ್ದೆ ಯಾರೇ ವೀಳ್ಯ ಕೊಡ್ತಾರೆ? ಮಕ್ಳಿಲ್ದೋರು ಮಗನ್ನ ತಗೊಳ್ಳುವಾಗ್ಲೂ ಹಿಂಗೇ ಕೇಳ್ತಾರೆ, ಹಿಂಗೇ ಇಸ್ಕೊಳ್ತಾರೆ. ಕೊಟ್ಬುಟ್ಯಲ್ಲೇ!" ಅಂದರು. ಕೊಟ್ಟುಬಿಟ್ಟೆ. ನನ್ನ ಬಾಯಿಂದಲೇ, ನನ್ನ ಕೈಯಿಂದಲೇ.

ಕಡಸನ್ನು ಮಾರಲು ಹೇಳಿದ್ದೇನೆ. ಭಾವ ಬಾಕಿ ಸಾವಿರದ ಇನ್ನೂರು ತೆಗೆದುಕೊಂಡು ಬರುತ್ತಾರೆ. ಅವರ ಜೊತೆ ಹಾಗೇ ಬಂದುಬಿಡು. ಕೆಲಸ ಹೋದರೆ ಹೋಗಲಿ.

ಅಕ್ಕ


ಮಾಸ್ತಿ
9 ಆಗಸ್ಟ್ 1980

ಕೋದಂಡ,

ನಿಮ್ಮ ಭಾವ ಅಲ್ಲಿಂದ ಒಬ್ಬರೇ ವಾಪಸ್ ಬಂದರು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದರು. ನೀನು ಜಗಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದೆಯಂತೆ. ಮೈ ತುಂಬಿಕೊಂಡು ಚೆನ್ನಾಗಿದ್ದೀಯಂತೆ. ಇವರನ್ನು ನೋಡಿ ಎದ್ದು ನಿಂತು, "ಯಾರು ಬೇಕಾಗಿತ್ತು?" ಅಂತ ಕೇಳಿದೆಯಂತೆ.

ದುಡ್ಡು ಆಯಮ್ಮ ಇಸಿದುಕೊಂಡಳು. ಪಂಚಾಯ್ತಿಯವರಿಬ್ಬರ ಮುಂದೆಯೇ ಕೊಟ್ಟು ಬಂದಿದ್ದಾರೆ. ಇನ್ನು ಸಾಲವಿಲ್ಲ ಕಣೋ. ಒಂದು ಕಾಸೂ ಇಲ್ಲ. ಯಾಕೆ ಬರುತ್ತಿಲ್ಲ?

ಅಕ್ಕ


ಮಾಸ್ತಿ
17 ಸೆಪ್ಟೆಂಬರ್ 1980

ಕೋದಂಡ,

ಒಂದು ಸಾಲು ಬರಿ. ಬೈದಾದರೂ ಬರಿ.

ಅಕ್ಕ


ದೇವರಾಯಸಮುದ್ರ
13 ಅಕ್ಟೋಬರ್ 1980

ಮಾಸ್ತಿಯ ಶ್ರೀಮತಿ ಶ್ಯಾಮಲಮ್ಮನವರಿಗೆ ನಮಸ್ಕಾರಗಳು.

ತಮ್ಮ ಕಾಗದಗಳು ತಲುಪಿವೆ. ಅವು ನನ್ನ ಹೆಸರಿಗೆ ಇಲ್ಲದ್ದರಿಂದ ಒಡೆಯಲು ಸಂಕೋಚಪಟ್ಟೆ. ಅಮ್ಮ ಓದಪ್ಪ ಎಂದ ಮೇಲೆ ಓದಿದೆ. ತಮ್ಮ ಯಜಮಾನರು ಕೊಟ್ಟುಹೋದ ಹಣ ಸಂದಾಯವಾಗಿದೆ. ಕೋದಂಡರಾಮಪ್ಪನವರ ಸಾಲದ ಲೆಕ್ಕ ಮುಗಿದಿದೆ ಎಂದು ಅಮ್ಮ ತಿಳಿಸಲು ಹೇಳಿದ್ದಾರೆ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಎಡೆ ಇಟ್ಟೆವು. ಹಲವು ವರ್ಷಗಳಿಂದ ಬಾಕಿ ಇತ್ತು. ಊರಿನವರೆಲ್ಲ ಬಂದಿದ್ದರು. ಕೋದಂಡರಾಮಪ್ಪನವರು ಈ ಊರಿಗೆ ಬಂದ ದಿನ ತೊಟ್ಟಿದ್ದ ಅಂಗಿ, ಪಂಚೆಯನ್ನೂ ಅವರ ಫೋಟೋವನ್ನೂ ಎಡೆಯ ಮುಂದೆ ಇಟ್ಟು, ಅಮ್ಮ ಧೂಪ ಹಾಕಿ ಕರೆದರು: "ಕೋದಂಡರಾಮಪ್ಪ, ಬಂದು ಉಣ್ಣು ನಾಯನಾ." ಮೂರು ಸಲ ಕರೆದರು. ನಾನು ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ಯಾರೂ ಓಗೊಡಲಿಲ್ಲ. ಆಮೇಲೆ ಕಾಗೆ ಬಂದು ಎಡೆ ಮುಟ್ಟಿತು, ನಾವು ಊಟಕ್ಕೆ ಕೂತೆವು. ಕಡಲೆಬೇಳೆ ಪಾಯಸ ಬಹಳ ಚೆನ್ನಾಗಿತ್ತು, ಏಲಕ್ಕಿಯನ್ನು ಮಾತ್ರ ಆರಿಸಿ ಎಲೆಯ ಪಕ್ಕಕ್ಕೆ ಇಟ್ಟೆ. ಅಮ್ಮನ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಕಂಡಿರಲಿಲ್ಲ.

ತಾವು ಅಲ್ಲಿ ಬೇರೆ ಎಡೆ ಇಡುವ ಅಗತ್ಯವಿಲ್ಲ. ಅಮಾವಾಸ್ಯೆಯವರೆಗಿನ ಅವರ ಸಂಬಳದಲ್ಲಿ ಖರ್ಚು ಕಳೆದು ಅರವತ್ತೆಂಟು ರೂಪಾಯಿ ಉಳಿದಿದೆ, ಮನಿಯಾರ್ಡರ್ ಮಾಡಿದ್ದೇನೆ. ಒಬ್ಬನೇ ತಮ್ಮನೆಂದು ಕೇಳಿದೆ. ಓದುವಾಗ ಯಾಕೋ ನನಗೂ ಬಹಳ ದುಃಖವಾಯಿತು.

ಇಂತಿ
ವಿ. ಸೊಣ್ಣಪ್ಪ
ಹೆಲ್ತ್ ಇನ್‌ಸ್ಪೆಕ್ಟರ್


ಮಾಸ್ತಿ
21 ಅಕ್ಟೋಬರ್ 1980

ಶ್ರೀ ಸೊಣ್ಣಪ್ಪನವರಿಗೆ ಮಾಸ್ತಿಯ ಶ್ಯಾಮಲಮ್ಮನ ನಮಸ್ಕಾರ.

ನೋಡಿ, ನಿಮ್ಮ ಹೆಸರಿಗೇ ಬರೆದಿದ್ದೇನೆ. ಇನ್ನು ಒಡೆಯಲು ಸಂಕೋಚ ಬೇಡ.

ನಿಮ್ಮ ಕಾಗದ ಬಂದ ದಿನ ನಾನು ಒಲೆ ಹಚ್ಚಲಿಲ್ಲ. ಎದೆ ಬಡಿದುಕೊಂಡು ಗೋಳಾಡಿದೆ. ಅತ್ತೆ ನನ್ನ ತಲೆಗೆ ನೀರು ಹುಯ್ಯಲು ಬಂದರು, ಸತ್ತ ಸುದ್ದಿ ಕೇಳಿದವರಿಗೆ ಹುಯ್ಯುವ ಹಾಗೆ. ಬಿಂದಿಗೆ ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಮನಿಯಾರ್ಡರ್ ತಂದ ಪೋಸ್ಟ್‌ಮ್ಯಾನನ್ನು ಹಾಗೇ ವಾಪಸ್ ಕಳಿಸಿದೆ. ಆಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿದೆ. ಏಲಕ್ಕಿ ಆರಿಸಿ ಪಕ್ಕಕ್ಕಿಟ್ಟೆ ಎಂದು ಬರೆದಿದ್ದೀರಿ. ಏಲಕ್ಕಿ ಬಾಯಿಗೆ ಸಿಕ್ಕರೆ ಎಲೆ ಬಿಟ್ಟು ಏಳುತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನಿದ್ದ, ಅವನಿಗಾಗಿ ನಾನು ಪಾಯಸವನ್ನೇ ಬೇರೆ ಕುದಿಸುತ್ತಿದ್ದೆ. ಆ ದಿನ ನಿಮ್ಮ ತಾಯಿ ಕರೆದಾಗ ಯಾರೂ ಓಗೊಡಲಿಲ್ಲ ಎಂದಿರಿ. ಎಡೆಗೆ ಕರೆದರೆ ಬದುಕಿರುವವರು ಯಾಕೆ ಓಗೊಡುತ್ತಾರೆ?

ಈಗ ಒಂದು ಮಾತು. ನಿಮ್ಮ ತಾಯಿಗೂ ಓದಿ ಹೇಳಿ. ಆ ದಿನ ನಾನು ವೀಳ್ಯ ಕೊಟ್ಟೆ, ನಿಜ, ತಿರುಗಿ ಕೇಳಲು ಬಾಯಿಲ್ಲ. ಆದರೆ ವೀಳ್ಯ ತೆಗೆದುಕೊಂಡು ಬರಿಗೈಯಲ್ಲಿ ಹೋಗಬಾರದೆಂದು ನಿಮ್ಮ ತಾಯಿ ಬಾಗಿಲಿಗೆ ಹೋದವಳು ತಿರುಗಿ ಬಂದು, ನನ್ನ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಹಸಿರು ಬಳೆ ತೊಡಿಸಿದಳು. ಮಡಿಲಕ್ಕಿ ಯಾರಿಗೆ ಹಾಕುತ್ತಾರೆ, ಅವಳನ್ನೇ ಕೇಳಿ. ಮನೆಯ ಹೆಣ್ಣುಮಗಳಿಗೆ ತಾನೇ? ಮಗ ಸಿಗುವ ಸಂತೋಷದಲ್ಲಿ ಅವಳು ಯೋಚನೆ ಮಾಡಲಿಲ್ಲ, ಅವಳು ಹೋದ ಮೇಲೆ ನಾನೂ ಮಾಡಲಿಲ್ಲ. ನಿನ್ನೆ ರಾಗಿ ಬೀಸುತ್ತಾ ಕೂತಾಗ ಹೊಳೆಯಿತು. ಬೀಸುವುದನ್ನು ನಿಲ್ಲಿಸಿ ಜೋರಾಗಿ ನಕ್ಕೆ, ಮನೆಯವರು ಹುಚ್ಚು ಹಿಡಿಯಿತು ಅಂದುಕೊಂಡರು.

ನಾನು ನಿಮ್ಮ ಮನೆಯ ಮಗಳು, ಸೊಣ್ಣಪ್ಪನವರೇ. ನಿಮ್ಮ ಅಕ್ಕ. ದೀಪಾವಳಿಗೆ ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗಲು ತಮ್ಮ ಬರಬೇಕು. ಬರದಿದ್ದರೆ ಊರು ಉಗಿಯುತ್ತದೆ. ನೀವು ಬರದಿದ್ದರೂ ನಾನು ಮಕ್ಕಳನ್ನು ಕಟ್ಟಿಕೊಂಡು ಹಬ್ಬದ ಹಿಂದಿನ ದಿನ ಮೊದಲ ಬಸ್ಸಿಗೆ ಹೊರಟು ದೇವರಾಯಸಮುದ್ರದ ಗೇಟಿನಲ್ಲಿ, ಊರಿಗೆ ತಿರುಗುವ ರಸ್ತೆಯ ಬಾಯಲ್ಲಿ, ಇಳಿಯುತ್ತೇನೆ. ತವರಿಗೆ ಬಂದ ಮಗಳನ್ನು ಯಾರೂ ಹೊರಗೆ ಹಾಕುವಂತಿಲ್ಲ. ಎಷ್ಟು ದಿನ ಬೇಕಾದರೂ ಇರುತ್ತೇನೆ. ಮೂರು ಹೊತ್ತೂ ನಿಮಗೆ ನಾನೇ ಬಡಿಸುತ್ತೇನೆ, ಆಯಮ್ಮ ನನ್ನ ಎದುರಿಗೆ ಕೂತು ನೋಡಲಿ. ಹೋಳೂರಿನ ಮಾತು ದಿನಕ್ಕೊಂದು ಹೇಳುತ್ತೇನೆ. ಯಾರ ಮಾತು ಅಂತ ಹೇಳಲ್ಲ, ನೀವು ಸುಮ್ಮನೆ ಕೇಳಿಸಿಕೊಂಡರೆ ಸಾಕು.

ಗೇಟಿನಿಂದ ಊರಿಗೆ ಕೆರೆ ಏರಿಯ ಮೇಲೇ ನಡೆಯಬೇಕಂತೆ. ಗಂಟು ಭಾರ ಇರುತ್ತದೆ, ಚಿಕ್ಕವನು ಎತ್ತಿಕೋ ಅಂತ ಅಳುತ್ತಾನೆ, ಆ ನೀರಿನ ಪಕ್ಕದಲ್ಲಿ ಒಬ್ಬಳೇ ನಡೆಯಲು ನನಗೆ ಭಯ. ನೀನು ಬಂದು ಗೇಟಿನಲ್ಲಿ ನಿಂತಿರು ಕಣೋ.

ಅಕ್ಕ